ಇಂದಿರಾನಗರಕ್ಕೆ ಮನೆ ಬದಲಾಯಿಸೋಣವೇ?

ಪ್ರಶ್ನೆ: ನಾವು ವಿಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ಅತ್ತೆ ಜೊತೆಗಿದ್ದಾರೆ, ಅವರಿಗೆ ಮಂಡಿ ನೋವು. ನನ್ನ ಆಫೀಸು ಎಂ.ಜಿ. ರಸ್ತೆಯಲ್ಲಿ, ಯಜಮಾನರದ್ದು ವೈಟ್‌ಫೀಲ್ಡ್‌ನಲ್ಲಿ. ಈಗ ಇಂದಿರಾನಗರದ 12ನೇ ಮೇನ್ ಹತ್ತಿರ ಒಂದು ಮನೆ ಸಿಕ್ಕಿದೆ. ಬಾಡಿಗೆ 45 ಸಾವಿರ. ಈಗ ಕೊಡುತ್ತಿರುವುದು 24 ಸಾವಿರ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುತ್ತಿದ್ದಾರೆ. ‘ಓಡಾಟ ಕಡಿಮೆಯಾಗುತ್ತೆ, ಸ್ನೇಹಿತರೆಲ್ಲ ಅಲ್ಲೇ ಇದ್ದಾರೆ, ವಯಸ್ಸಿದ್ದಾಗ ಇಲ್ಲದಿದ್ದರೆ ಇನ್ಯಾವಾಗ’ ಅನ್ನುವುದು ಇವರ ಮಾತು. ಅತ್ತೆ ಏನೂ ಹೇಳುತ್ತಿಲ್ಲ. ನೀವು ಅಲ್ಲೇ ಇರುವವರು, ಏನು ಮಾಡೋಣ? ಮನೆ ಮೂರನೇ ಮಹಡಿಯಲ್ಲಿದೆ, ಗಾಳಿ ಬೆಳಕು ಚೆನ್ನಾಗಿದೆ, ಲಿಫ್ಟ್ ಇಲ್ಲ.
– ಹೆಸರು ಬೇಡ, ವಿಜಯನಗರ

ಉತ್ತರ: ನಾನು ಮದುವೆಯಾಗಿ ಇಲ್ಲಿಗೆ ಬಂದಿದ್ದು 1986ರಲ್ಲಿ. ಆಗ ನಮ್ಮ ತವರಿನವರು ‘ಅಯ್ಯೋ, ಅಷ್ಟು ದೂರವಾ?’ ಅಂದಿದ್ದರು. ಎಚ್‌ಎಎಲ್ ನೌಕರರು, ಸೇನೆಯಿಂದ ನಿವೃತ್ತರಾದವರು ಬಿಡಿಎ ಸೈಟಿನಲ್ಲಿ ಮನೆ ಕಟ್ಟಿಕೊಂಡು ತಣ್ಣಗಿದ್ದ ಬಡಾವಣೆ. ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ, ಮಳೆ ಬಂದರೆ ಕಪ್ಪೆ ವಟಗುಟ್ಟುವ ಸದ್ದು. ಇವತ್ತು ಅದೇ ಸೈಟಿನಲ್ಲಿ ಮೂರು ಮಹಡಿ, ಮೇಲೆ ತಾರಸಿ ಪಬ್. ಕಪ್ಪೆಯೇ ವಾಸಿಯಿತ್ತು.

ಮೊದಲು ಓಡಾಟದ ಮಾತು. ನಿಮ್ಮ ಯಜಮಾನರಿಗೆ ಒಂದು ವಿಷಯ ಜ್ಞಾಪಿಸಿ. ವಿಜಯನಗರವೂ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲೇ ಇದೆ, ಇಂದಿರಾನಗರವೂ ಅದೇ ಮಾರ್ಗದಲ್ಲಿದೆ. ನಡುವೆ ಹತ್ತು ನಿಲ್ದಾಣ, ಅಷ್ಟೇ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ರೈಲು ಬದಲಾಯಿಸದೇ ಹೋಗಬಹುದು. ಬೆಳಗ್ಗೆ ವಿಜಯನಗರದಲ್ಲಿ ಹತ್ತಿದರೆ ಅದೃಷ್ಟವಿದ್ದರೆ ಸೀಟಾದರೂ ಸಿಕ್ಕೀತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಮೆಜೆಸ್ಟಿಕ್ ಜನವೆಲ್ಲ ತುಂಬಿ, ಕಂಬ ಹಿಡಿಯಲೂ ಜಾಗ ಇರುವುದಿಲ್ಲ. ಅವರಿಗೆ ಸಮಯ ಉಳಿಯುತ್ತದೆ ನಿಜ. ಅದಕ್ಕೆ ತಿಂಗಳಿಗೆ 21 ಸಾವಿರ ಜಾಸ್ತಿ ಕೊಡಬೇಕಾ ಅನ್ನೋದು ನಿಮ್ಮ ಲೆಕ್ಕ. ನಿಮ್ಮ ಆಫೀಸಂತೂ ಎರಡೂ ಕಡೆಯಿಂದ ಒಂದೇ ರೈಲು.

ಹಾಗಂತ ಇಲ್ಲಿ ಸುಖವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಸಿ.ಎಂ.ಎಚ್. ರಸ್ತೆ ಅಂಗಡಿಯವರ ಜೊತೆ ನಾನೂ ಮೆಟ್ರೊ ಬೇಡ ಅಂತ ಬೈದವಳೇ. ಈಗ ಹಿರಿಯ ಮಗಳು ರಾತ್ರಿ ಹತ್ತಕ್ಕೆ ನಿಲ್ದಾಣದಿಂದ ನಡೆದುಕೊಂಡೇ ಬರುತ್ತಾಳೆ, ನನಗೆ ಭಯವಿಲ್ಲ. ಅಂಗಡಿ ತೆರೆದಿರುತ್ತದೆ, ದೀಪ ಇರುತ್ತದೆ, ಜನ ಇರುತ್ತಾರೆ. ಮದುವೆಗೆ ಮುಂಚೆ ನಾನು ಆ ಹೊತ್ತಿನಲ್ಲಿ ಒಬ್ಬಳೇ ಬೀದಿಗೆ ಕಾಲಿಟ್ಟವಳಲ್ಲ. ಡಾಕ್ಟರು, ಔಷಧಿ ಅಂಗಡಿ ಎಲ್ಲ ಕೂಗಳತೆಯಲ್ಲಿವೆ. ಪುರಂದರ ಭವನದಲ್ಲಿ ಸಂಗೀತ ಕಚೇರಿ ನಡೆಯುತ್ತದೆ, ನಾನು ಸೀರೆ ಬದಲಾಯಿಸಿದ ಹತ್ತು ನಿಮಿಷಕ್ಕೆ ಅಲ್ಲಿರುತ್ತೇನೆ. ಮಳೆಮರಗಳು ಇನ್ನೂ ಅಷ್ಟಿಷ್ಟು ಉಳಿದಿವೆ.

ಆದರೆ ಶನಿವಾರ ಬಂತೆಂದರೆ ನಮಗೆ ಶಿವರಾತ್ರಿ. ಪಕ್ಕದ ಪಬ್ಬಿನ ಹಾಡು ಕೇಳಿಸುವುದಿಲ್ಲ, ಬರೀ ಧಡ್ ಧಡ್ ಅನ್ನುವ ಪೆಟ್ಟು ಮಾತ್ರ ಗೋಡೆಯೊಳಗಿಂದ ಬರುತ್ತದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ‘ಜಿಂಯ್’ ಅನ್ನುತ್ತವೆ. ನಾನು ತಟ್ಟೆಗಳ ಮಧ್ಯೆ ಹಳೇ ಸೀರೆಯ ತುಂಡು ಸಿಕ್ಕಿಸಿ ಮಲಗುತ್ತೇನೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು 45 ಡೆಸಿಬೆಲ್ ದಾಟಬಾರದು. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಸದ್ದು ತಗ್ಗುತ್ತದೆ. ಅವರ ಗಾಡಿ ತಿರುವು ದಾಟಿದ ಅರ್ಧ ಗಂಟೆಗೆ ತಟ್ಟೆಗಳು ಮತ್ತೆ ಶುರು.

ಇನ್ನೊಂದು, ಗೇಟಿನ ಕಥೆ. ಐದಾರು ವರ್ಷದ ಹಿಂದೆ ಒಂದು ಶುಕ್ರವಾರ ರಾತ್ರಿ ನಮ್ಮೆಜಮಾನರಿಗೆ ಎದೆ ಹಿಡಿದ ಹಾಗಾಯಿತು. ಕಾರು ತೆಗೆಯೋಣ ಅಂದರೆ ಗೇಟಿಗೆ ಅಡ್ಡ ಒಂದು ಬಿಳಿ ಕಾರು. ಗಾಡಿ ನಿಲ್ಲಿಸಿಕೊಡುವ ಹುಡುಗನನ್ನು ಕೇಳಿದೆ. ಪಾಪ, ಒಂದು ಗೊಂಚಲು ಕೀ ಹಿಡಿದುಕೊಂಡು ಒಂದೊಂದೇ ಒತ್ತಿ ನೋಡುತ್ತಿದ್ದಾನೆ, ಬೀದಿ ತುಂಬ ಬೇರೆ ಬೇರೆ ಕಾರುಗಳು ಕಣ್ಣು ಮಿಟುಕಿಸುತ್ತಿವೆ, ನಮ್ಮ ಗೇಟಿನದು ಮಾತ್ರ ಇಲ್ಲ. ಕೊನೆಗೆ ಇಬ್ಬರೂ ಮೂಲೆಯವರೆಗೆ ನಡೆದು ಆಟೊ ಹಿಡಿದೆವು. ಗ್ಯಾಸ್ಟ್ರಿಕ್ ಅಂದರು, ಬಚಾವಾದೆವು. ಆವತ್ತಿನಿಂದ ಗೇಟಿನ ಮುಂದೆ ಎರಡು ದೊಡ್ಡ ಹೂಕುಂಡ ಇಟ್ಟಿದ್ದೇನೆ. ರಸ್ತೆ ನನ್ನದಲ್ಲ, ತಪ್ಪು ಅಂತ ಗೊತ್ತು.

ಹೊರಗಿನವರಿಗೆ ಕಾಣಿಸದ ಕಷ್ಟ ಬೇರೆಯೇ ಇದೆ. ಇಲ್ಲಿ ಎಂಟು ಥರದ ಕಾಫಿ ಸಿಗುತ್ತದೆ, ಕುಕ್ಕರಿನ ಗ್ಯಾಸ್ಕೆಟ್ ಸಿಗುವುದಿಲ್ಲ. ನಮ್ಮ ಬೀದಿಯ ಹಿಟ್ಟಿನ ಗಿರಣಿ ಹೋಗಿ ಕೇಕಿನ ಅಂಗಡಿ ಬಂತು. ರವಿಕೆ ಹೊಲಿಯುತ್ತಿದ್ದ ಟೈಲರು ಬಾಡಿಗೆ ಕಟ್ಟಲಾಗದೆ ಎದ್ದುಹೋದರು. ಕಟ್ಟಡದವರಿಗೆ ನಾಲ್ಕು ಪಟ್ಟು ಬಾಡಿಗೆ ಬರುವಾಗ ಗಿರಣಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ಈಗ ಗ್ಯಾಸ್ಕೆಟ್ಟಿಗೆ, ರಾಗಿ ಬೀಸಲಿಕ್ಕೆ ನಾನು ಹೊಸ ತಿಪ್ಪಸಂದ್ರಕ್ಕೋ ಹಲಸೂರಿಗೋ ಹೋಗುತ್ತೇನೆ.

ಇಷ್ಟಾದರೂ ‘ಇಂದಿರಾನಗರ ಬೇಡ’ ಅಂತ ನಾನು ಹೇಳಲಾರೆ. ಯಾಕೆಂದರೆ ಇಂದಿರಾನಗರ ಅಂತ ಒಂದಿಲ್ಲ. 100 ಅಡಿ ರಸ್ತೆ, 12ನೇ ಮೇನ್ ಮೇಲೆ ಒಂದು ಥರ. ಎರಡು ಕ್ರಾಸ್ ಒಳಗೆ ಬಂದರೆ ಬೆಳಗ್ಗೆ ಸೊಪ್ಪಿನವಳ ಕೂಗು ಬಿಟ್ಟು ಬೇರೆ ಸದ್ದಿಲ್ಲದ ಮನೆಗಳೂ ಇವೆ. ಆದ್ದರಿಂದ ಬಡಾವಣೆ ನೋಡಬೇಡಿ, ಮನೆ ನೋಡಿ. ಬ್ರೋಕರ್ ನಿಮಗೆ ಭಾನುವಾರ ಬೆಳಗ್ಗೆ ಹತ್ತಕ್ಕೆ ತೋರಿಸಿರುತ್ತಾನೆ, ಅಲ್ವಾ? ಶನಿವಾರ ರಾತ್ರಿ ಹನ್ನೊಂದೂವರೆಗೆ ನೀವೇ ಹೋಗಿ ಆ ಬೀದಿಯಲ್ಲಿ ಅರ್ಧ ಗಂಟೆ ನಿಲ್ಲಿ. ತಾರಸಿಗಳ ಕಡೆ ಕತ್ತೆತ್ತಿ ನೋಡಿ. ಸೋಮವಾರ ಬೆಳಗ್ಗೆ ಇಸ್ತ್ರಿ ಗಾಡಿಯವರ ಹತ್ತಿರ ಮಾತಾಡಿ. ಯಾವ ಮನೆಯಲ್ಲಿ ಬಾಡಿಗೆದಾರರು ನಿಲ್ಲುವುದಿಲ್ಲ, ಯಾಕೆ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಮಾಲೀಕರನ್ನು ನೀರಿನ ಬಗ್ಗೆ ಬಿಡಿಸಿ ಕೇಳಿ. ಕಾವೇರಿ ವಾರದಲ್ಲಿ ಯಾವ ಯಾವ ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದರೆ ದುಡ್ಡು ಯಾರದು. 2024ರ ಬೇಸಿಗೆ ನೆನಪಿದೆಯಲ್ಲ, ಬಾಡಿಗೆ ಜಾಸ್ತಿ ಇದ್ದ ಕಡೆ ನೀರೂ ಜಾಸ್ತಿ ಬರಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಊರಿನ ರೂಢಿ, ಕಾನೂನೇನಲ್ಲ. ಆರು ತಿಂಗಳಿಗೆ ಇಳಿಸಿ ಕೇಳಲು ನಾಚಿಕೆ ಪಡಬೇಡಿ. ನಾಲ್ಕೂವರೆ ಲಕ್ಷ ಸುಮ್ನೆ ಇನ್ನೊಬ್ಬರ ಕೈಲಿ ಬಡ್ಡಿಯಿಲ್ಲದೆ ಕೂರುತ್ತದೆ. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ ಅನ್ನುವುದನ್ನೂ ಕರಾರುಪತ್ರದಲ್ಲೇ ಬರೆಸಿ.

ಯಜಮಾನರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ಸ್ನೇಹಿತರ ಹತ್ತಿರ ಇರಬೇಕು ಅನ್ನಿಸುವುದು ಸಹಜ. ಆದರೆ ನೀವಿಬ್ಬರೂ ಬೆಳಗ್ಗೆ ಹೋದರೆ ಮನೆ ಸೇರುವುದು ರಾತ್ರಿ. ಹಗಲೆಲ್ಲ ಆ ಮನೆಯಲ್ಲಿ ಇರುವವರು ಅತ್ತೆ. ವಿಜಯನಗರದಲ್ಲಿ ಅವರಿಗೆ ಸಂಜೆ ದೇವಸ್ಥಾನ, ಮಾರ್ಕೆಟ್ಟು, ಕನ್ನಡದಲ್ಲಿ ನಾಲ್ಕು ಮಾತಾಡುವ ಜೊತೆಯವರು ಇದ್ದಾರೆಯೇ? ಕೇಳಿ ನೋಡಿ. ಏನೂ ಹೇಳುತ್ತಿಲ್ಲ ಅಂದರೆ ಒಪ್ಪಿಗೆ ಅಂತಲ್ಲ. ನಾನೂ ಈಗ ಅತ್ತೆಯೇ, ನನಗೆ ಗೊತ್ತು.

ಅಡ್ವಾನ್ಸ್ ಕೊಡುವ ಮುಂಚೆ ಅವರನ್ನು ಒಂದು ಸಲ ಆ ಮನೆಗೆ ಕರೆದುಕೊಂಡು ಹೋಗಿ. ಅವರಿಗೆ ಮಂಡಿ ನೋವು ಅನ್ನುವುದು ನಿಮ್ಮ ಪತ್ರದ ಎರಡನೇ ಸಾಲಿನಲ್ಲಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ ಅನ್ನುವುದು ಕಟ್ಟಕಡೆಯ ಸಾಲಿನಲ್ಲಿದೆ.