ಅಪ್ಪನ ನೆನಪನ್ನು ಈಗಲೇ ಬರೆದಿಡಿ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ತಂದೆ 19 ವರ್ಷ ಬಾಯ್ಲರ್ ಪೈಪುಗಳಿಗೆ ಕಲ್ನಾರಿನ (ಆಸ್ಬೆಸ್ಟಾಸ್) ಹೊದಿಕೆ ಸುತ್ತುವ ಕೆಲಸ ಮಾಡಿದವರು. ಅದನ್ನು ಬಿಟ್ಟು 24 ವರ್ಷವಾಗಿದೆ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ‘ಆಸ್ಬೆಸ್ಟೋಸಿಸ್’ ಎಂದಿದ್ದಾರೆ, ಅಂದರೆ ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಕಾರ್ಖಾನೆ ಮುಚ್ಚಿಹೋಗಿದೆ. ಇಷ್ಟು ವರ್ಷದ ಮೇಲೆ ಪರಿಹಾರ ಕೇಳಬಹುದಾ, ಅಪ್ಪ ಸಿಗರೇಟು ಸೇದುತ್ತಿದ್ದುದನ್ನೇ ಎತ್ತಿ ಆಡಿದರೆ ಏನು ಮಾಡೋದು ಎಂದು ಕೇಳಿದ್ದೀರಿ. ಅಪ್ಪ ಬೇರೆ, ‘ಅವರ ಅನ್ನ ತಿಂದಿದ್ದೇವೆ, ಈಗ ಕೇಳೋದು ಸರಿಯಲ್ಲ’ ಅನ್ನುತ್ತಾರಂತೆ.

ಮೊದಲು ಅಪ್ಪನ ಮಾತಿಗೇ ಬರುತ್ತೇನೆ. ಅದು ಯಾರೋ ಹಾಕಿದ ಅನ್ನ ಅಲ್ಲ, ಅವರು ದುಡಿದು ತಿಂದ ಅನ್ನ. ‘ಈ ಧೂಳು ಅಪಾಯ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ’ ಅಂತ ಹೇಳುವವರೂ ಸಿಗುತ್ತಾರೆ. ನಂಬಬೇಡಿ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು ಕಲ್ನಾರಿನ ನೂಲು ತೆಗೆಯುತ್ತಿದ್ದಳು. ಅದೇ ಧೂಳಿನಿಂದ ಶ್ವಾಸಕೋಶ ಕೆಟ್ಟು, 1924ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. ಕೇಳಿದ ಪರಿಹಾರ ಅವಳಿಗೆ ಸಿಗಲೇ ಇಲ್ಲ. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಅದೇ ವರ್ಷ ವೈದ್ಯರ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. 1931ರಲ್ಲಿ ಬ್ರಿಟನ್ ಈ ಧೂಳನ್ನು ತಡೆಯಲು ನಿಯಮವನ್ನೇ ತಂದಿತು. ನಿಮ್ಮ ತಂದೆ ಕೆಲಸಕ್ಕೆ ಸೇರುವ ಹೊತ್ತಿಗೆ ಇದು ಐವತ್ತು ವರ್ಷ ಹಳೆಯ ಸುದ್ದಿ. ಇದನ್ನು ಅಪ್ಪನಿಗೆ ಓದಿ ಹೇಳಿ. ಪರಿಹಾರ ಕೇಳೋದು ಭಿಕ್ಷೆಯೂ ಅಲ್ಲ, ಕೃತಘ್ನತೆಯೂ ಅಲ್ಲ.

ತಡವಾಯಿತಾ ಎಂಬ ಪ್ರಶ್ನೆಗೆ ಬರೋಣ. ಈ ಕಾಯಿಲೆಯ ಗುಣವೇ ತಡವಾಗಿ ಕಾಣಿಸಿಕೊಳ್ಳುವುದು. ಕಲ್ನಾರಿನ ಸಣ್ಣ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಅಲ್ಲೇ ಉಳಿಯುತ್ತವೆ. ದೇಹಕ್ಕೆ ಅವನ್ನು ಕರಗಿಸಲು ಆಗೋದಿಲ್ಲ. ಸುತ್ತಲಿನ ಭಾಗ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಉಸಿರಿಗೆ ತೊಂದರೆ ಶುರುವಾಗುವುದಕ್ಕೆ 20, 30, ಕೆಲವರಿಗೆ 40 ವರ್ಷ ಹಿಡಿಯುತ್ತದೆ. ಅದಕ್ಕೇ ಎಷ್ಟೋ ದೇಶಗಳ ಕಾನೂನು ಕೆಲಸ ಬಿಟ್ಟ ದಿನದಿಂದ ಲೆಕ್ಕ ಹಾಕೋದಿಲ್ಲ. ‘ಈ ಕಾಯಿಲೆ ಕೆಲಸದಿಂದ ಬಂದದ್ದು’ ಎಂದು ತಿಳಿದ ದಿನದಿಂದ ಹಾಕುತ್ತದೆ. ಹಾಗಾಗಿ ಡಾಕ್ಟರು ನಿಮಗೆ ಇದನ್ನು ಹೇಳಿದ ತಾರೀಖು ಬಹಳ ಮುಖ್ಯ. ಅಲ್ಲಿಂದಾಚೆಗೆ ಸುಮ್ನೆ ಕೂತರೆ ಮಾತ್ರ ನಿಜವಾಗಿಯೂ ತಡವಾಗುತ್ತದೆ. ಕಾರ್ಮಿಕರ ಕೇಸು ನಡೆಸುವ ವಕೀಲರನ್ನು ಈ ತಿಂಗಳೇ ನೋಡಿ. ಕೇಳಬೇಕಾದ ಮೊದಲ ಪ್ರಶ್ನೆ, ‘ಅರ್ಜಿ ಹಾಕಲು ಕೊನೆಯ ದಿನ ಯಾವುದು?’

ವಕೀಲರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಇದೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದೇ. ಒಂದು ನೋಟ್‌ಬುಕ್ ತೆಗೆದುಕೊಂಡು ಅಪ್ಪನ ಪಕ್ಕ ಕೂತುಕೊಳ್ಳಿ. ಯಾವ ವರ್ಷ ಸೇರಿದರು, ಯಾವ ವಿಭಾಗ, ಮೇಸ್ತ್ರಿ ಯಾರು, ಹೊದಿಕೆಯನ್ನು ಗರಗಸದಿಂದ ಕೊಯ್ಯುತ್ತಿದ್ದರಾ, ಕೈಯಲ್ಲಿ ಹರಿಯುತ್ತಿದ್ದರಾ, ಪುಡಿಯನ್ನು ನೀರಿನಲ್ಲಿ ಕಲಸುತ್ತಿದ್ದರಾ, ಚೀಲದ ಮೇಲೆ ಏನು ಬರೆದಿತ್ತು, ಕಿಟಕಿ ಇತ್ತಾ, ಮುಖಕ್ಕೆ ಏನಾದರೂ ಕೊಟ್ಟಿದ್ದರಾ, ಊಟ ಎಲ್ಲಿ ಮಾಡುತ್ತಿದ್ದರು. ಹಳೆಯ ಹೊದಿಕೆ ಕಿತ್ತು ಹಾಕುವ ಕೆಲಸ ಮಾಡಿದ್ದರೆ ಅದನ್ನು ಬೇರೆಯಾಗಿಯೇ ಬರೆಯಿರಿ. ಧೂಳು ಜಾಸ್ತಿ ಏಳೋದು ಅಲ್ಲೇ. ಅವರಿಗೆ ದಣಿವಾದರೆ ನಿಲ್ಲಿಸಿ, ನಾಳೆ ಮುಂದುವರಿಸಿ. ಮುಚ್ಚಿಹೋದ ಕಾರ್ಖಾನೆಯ ಕಡತ ಸಿಗದೇ ಹೋಗಬಹುದು. ಆದರೆ ಆ ಷೆಡ್ಡಿನ ಒಳಗೆ ನಿಂತವರ ನೆನಪು ಇನ್ನೂ ಇದೆ. ಜೊತೆಗಿದ್ದವರಲ್ಲಿ ಇಬ್ಬರು ಮೂವರಾದರೂ ಸಿಗುತ್ತಾರೆ. ಅವರ ಹೇಳಿಕೆಯನ್ನು ವಕೀಲರ ಮೂಲಕ ಬರೆಸಿ ಸಹಿ ಹಾಕಿಸಿ. ಅವರಿಗೂ ವಯಸ್ಸಾಗಿದೆ, ಅವರ ಎದೆಯೊಳಗೂ ಅದೇ ಧೂಳಿದೆ.

ಸಂಬಳದ ಚೀಟಿ, ಗುರುತಿನ ಚೀಟಿ, ಭವಿಷ್ಯ ನಿಧಿಯ ಕಾಗದ, ಸಂಘದ ಚಂದಾ ರಸೀದಿ, ಹಳೆಯ ಎಕ್ಸ್‌ರೇ, ಏನು ಸಿಕ್ಕಿದರೂ ಎಸೆಯಬೇಡಿ. ಭಾರತದ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತು. ಪ್ರತಿ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕಾಗದದ ಬೆಲೆ ಕೋರ್ಟಿಗೂ ಗೊತ್ತು.

ಡಾಕ್ಟರು ಬರೆದುಕೊಡುವ ವರದಿಯನ್ನೂ ಗಮನಿಸಿ. ‘ಶ್ವಾಸಕೋಶ ಗಟ್ಟಿಯಾಗಿದೆ’ ಎಂದಷ್ಟೇ ಬರೆದರೆ ಸಾಲದು. ಅಪ್ಪನ ಕೆಲಸ, ಎಷ್ಟು ವರ್ಷ ಮಾಡಿದರು, ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು, ಉಸಿರಿನ ಪರೀಕ್ಷೆಯ ಅಂಕಿ ಒಂದೇ ಕಡೆ ಇರಬೇಕು. ಕಾಯಿಲೆಗೆ ಕಾರಣ ಆ ಕೆಲಸ ಎಂದು ಸ್ಪಷ್ಟವಾಗಿ ಬರೆದಿರಬೇಕು. ಶ್ವಾಸಕೋಶದ ಹೊರಪೊರೆ ಅಲ್ಲಲ್ಲಿ ದಪ್ಪವಾಗಿ ಸುಣ್ಣಗಟ್ಟಿದ್ದರೆ ಅದನ್ನೂ ಬರೆಸಿ. ಕಲ್ನಾರಿನ ಧೂಳಿಗೆ ಅದು ಒಳ್ಳೆಯ ಸಾಕ್ಷಿ.

ಸಿಗರೇಟಿನ ವಿಷಯ ಮುಚ್ಚಿಡಬೇಡಿ. ಸಿಗರೇಟಿನಿಂದ ಆಸ್ಬೆಸ್ಟೋಸಿಸ್ ಬರೋದಿಲ್ಲ, ಕಲ್ನಾರಿನಿಂದಲೇ ಬರಬೇಕು. ಉಸಿರಾಟವನ್ನು ಇನ್ನಷ್ಟು ಕೆಡಿಸುತ್ತದೆ ಎಂಬ ವಾದ ಬರಬಹುದು, ಅದಕ್ಕೆ ವಕೀಲರು ಉತ್ತರ ಕೊಡಲಿ. ಈಗಲೂ ಸೇದುತ್ತಿದ್ದರೆ ಮಾತ್ರ ಇವತ್ತೇ ಬಿಡಿಸಿ. ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಭಯ ಬಹಳ ಜಾಸ್ತಿ.

ಕಾರ್ಖಾನೆ ಮುಚ್ಚಿದೆ ಎಂದು ಕೈಚೆಲ್ಲಬೇಡಿ. ಅದನ್ನು ಕೊಂಡವರು ಇರಬಹುದು, ಆಗಿನ ವಿಮಾ ಕಂಪನಿ ಇರಬಹುದು, ಕೆಲವು ದೇಶಗಳಲ್ಲಿ ಇದಕ್ಕೆಂದೇ ಸರ್ಕಾರದ ನಿಧಿಯೂ ಇದೆ. ಯಾರಾದರೂ ಒಂದಿಷ್ಟು ಹಣ ತಂದು ‘ಇಲ್ಲಿಗೆ ಲೆಕ್ಕ ಮುಗಿಯಿತು’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಅವಸರಪಡಬೇಡಿ. ಮುಂದೆ ಕಾಯಿಲೆ ಹೆಚ್ಚಾದರೆ, ಕ್ಯಾನ್ಸರ್ ಬಂದರೆ, ಮತ್ತೆ ಕೇಳುವ ದಾರಿ ಆ ಒಂದು ಸಹಿಯಿಂದ ಮುಚ್ಚಿಹೋಗಬಹುದು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ಅಪ್ಪ ಮನೆಗೆ ಬಂದರೆ ಬಟ್ಟೆಯೆಲ್ಲ ಬೆಳ್ಳಗಿರುತ್ತಿತ್ತು, ಅಮ್ಮ ಅದನ್ನು ಹಿತ್ತಿಲಲ್ಲಿ ಕೊಡವಿ ಒಗೆಯುತ್ತಿದ್ದರು ಎಂದು ಬರೆದಿದ್ದೀರಿ. ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕಾರ್ಖಾನೆಯೊಳಗೆ ಕಾಲಿಡದೆ, ಬರೀ ಬಟ್ಟೆ ಒಗೆದು ಕಾಯಿಲೆ ಬಿದ್ದ ಹೆಂಗಸರ ಬಗ್ಗೆ 1965ರಲ್ಲೇ ಲಂಡನ್ನಿನ ವೈದ್ಯರು ಬರೆದಿದ್ದಾರೆ. ಅಮ್ಮನಿಗೆ ಈಗ ಏನೂ ತೊಂದರೆ ಇಲ್ಲದೆ ಇರಬಹುದು. ಆದರೂ ಅಪ್ಪನನ್ನು ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಬಟ್ಟೆಯ ವಿಷಯ ಡಾಕ್ಟರಿಗೆ ಹೇಳಿ. ಆ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಅಮ್ಮನಿಗೂ ಬಿಡಿ.

ಸಂಪಾದಕ