ಹೊರದೇಶದ ಸರ್ಜನ್ ಬಂದು ಕಲಿಸುವಾಗ ನಮ್ಮ ಅಪ್ಪನ ಪ್ರಾಸ್ಟೇಟ್ ಆಪರೇಷನ್ ಮಾಡಿಸಬಹುದಾ?

ತಂದೆ ಮಸ್ಕತ್‌ನಲ್ಲಿ ನಿಮ್ಮ ಜೊತೆ ಇದ್ದಾರೆ, ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ತುಂಬಾ ದೊಡ್ಡದಾಗಿ ಮೂತ್ರ ಕಟ್ಟಿದೆ, ಕ್ಯಾಥೆಟರ್ (ಮೂತ್ರ ಹೊರಬರುವ ನಳಿಕೆ) ಹಾಕಿದ್ದಾರೆ ಎಂದು ಬರೆದಿದ್ದೀರಿ. ಹೊರಗಿನಿಂದ ಬರುವ ಸರ್ಜನ್ ಒಬ್ಬರು ಅಲ್ಲಿನ ಡಾಕ್ಟರಿಗೆ ಹೋಲೆಪ್ ಲೇಸರ್ ಆಪರೇಷನ್ ಕಲಿಸುತ್ತಾರೆ, ಆ ಪಟ್ಟಿಯಲ್ಲಿ ಅಪ್ಪನ ಹೆಸರಿದೆ. "ಅಪ್ಪನ ಮೇಲೆ ಪ್ರಯೋಗ ಮಾಡಿದ ಹಾಗಲ್ವಾ?" ಅನ್ನೋದು ನಿಮ್ಮ ಪ್ರಶ್ನೆ.

ನಾನು ಮಂಗಳೂರಿನವಳು, ಗಲ್ಫ್‌ನಲ್ಲೇ ಯೂರಾಲಜಿ (ಮೂತ್ರರೋಗ) ವಿಭಾಗದ ಆಪರೇಷನ್ ಥಿಯೇಟರ್, ಅಂದರೆ ಓಟಿ, ನರ್ಸ್. ನನ್ನ ಅಪ್ಪನಾಗಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ ಕೆಲವು ವಿಷಯ ಮೊದಲೇ ಕೇಳಿಕೊಂಡು.

ಹೋಲೆಪ್ ಹೊಸ ಪ್ರಯೋಗವೇನಲ್ಲ. ನ್ಯೂಜಿಲೆಂಡ್‌ನ ಟೌರಂಗಾದಲ್ಲಿ ಡಾ. ಪೀಟರ್ ಗಿಲ್ಲಿಂಗ್ ಮತ್ತು ಜೊತೆಗಾರರು 1990ರ ದಶಕದಲ್ಲೇ ಇದನ್ನು ರೂಪಿಸಿದರು. ಟಿಯುಆರ್‌ಪಿ ಎಂಬ ಹಳೆಯ ಆಪರೇಷನ್‌ನಲ್ಲಿ ಪ್ರಾಸ್ಟೇಟ್‌ನ ಬೆಳೆದ ಭಾಗವನ್ನು ಒಳಗಿನಿಂದ ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ. ಹೋಲೆಪ್‌ನಲ್ಲಿ ಅದನ್ನು ಕಿತ್ತಳೆ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದ ಹಾಗೆ ಹೊರಪದರದಿಂದ ಬಿಡಿಸುತ್ತಾರೆ. ರಕ್ತ ಹೋಗುವುದು ಕಡಿಮೆ. ಪ್ರಾಸ್ಟೇಟ್ ತುಂಬಾ ದೊಡ್ಡದಾಗಿದ್ದರೂ ಸಾಮಾನ್ಯವಾಗಿ ಹೊಟ್ಟೆ ಕೊಯ್ಯಬೇಕಾಗಿಲ್ಲ. ಕಷ್ಟ ಇರೋದು ಕಲಿಕೆಯಲ್ಲಿ. ಕೈ ಕೂರಲು 20ರಿಂದ 50 ಕೇಸ್ ಬೇಕು ಎಂದು ಸರ್ಜನ್‌ಗಳೇ ಹೇಳುತ್ತಾರೆ. ಆ ಮೊದಲ ಕೇಸ್‌ಗಳಲ್ಲಿ ಪಕ್ಕದಲ್ಲಿ ಗುರು ಇರುವುದು ಒಳ್ಳೆಯದೋ, ಒಬ್ಬರೇ ವಿಡಿಯೊ ನೋಡಿ ಶುರು ಮಾಡುವುದು ಒಳ್ಳೆಯದೋ, ನೀವೇ ಯೋಚಿಸಿ.

ಶ್ರೀಮಂತ ದೇಶದವರೂ ಹೀಗೇ ಕಲಿತಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಮ್ಮ ದೇಶದ ಡಾ. ಮಣಿ ಮೆನನ್ ಅವರು 2000ದ ಹೊತ್ತಿಗೆ ಪ್ಯಾರಿಸ್‌ನ ಸರ್ಜನ್‌ಗಳನ್ನು ಕರೆಸಿಕೊಂಡು ಪ್ರಾಸ್ಟೇಟ್ ಕ್ಯಾನ್ಸರ್‌ನ ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ) ಆಪರೇಷನ್ ಕಲಿತರು. ಆಮೇಲೆ ರೋಬಾಟ್ ಸರ್ಜರಿಯಲ್ಲಿ ಅವರೇ ಜಗತ್ತಿಗೆ ಕಲಿಸಿದರು.

ಓಟಿಯಲ್ಲಿ ಆಗುವುದು ಇಷ್ಟು. ಕ್ಯಾಮೆರಾ ಕಂಡದ್ದೆಲ್ಲ ದೊಡ್ಡ ಪರದೆ ಮೇಲೆ ಬರುತ್ತದೆ. ಮೊದಲ ಕೇಸ್ ಸಾಮಾನ್ಯವಾಗಿ ಹೊರಗಿನಿಂದ ಬಂದ ಸರ್ಜನ್ ತಾವೇ ಮಾಡುತ್ತಾರೆ. ನಂತರ ಸುಲಭದ ಭಾಗ ಕಲಿಯುವವರ ಕೈಗೆ ಕೊಟ್ಟು, ಹಿಂದೆ ನಿಂತು ಕಣ್ಣು ತೆಗೆಯದೆ ನೋಡುತ್ತಾರೆ. ಪ್ರಾಸ್ಟೇಟ್‌ನ ಕೆಳತುದಿ ಬಂದಾಗ ಮತ್ತೆ ತಾವೇ ಹಿಡಿಯುತ್ತಾರೆ. ಮೂತ್ರ ಹಿಡಿದಿಡುವ ಸ್ನಾಯು ಅಲ್ಲೇ ಪಕ್ಕದಲ್ಲಿದೆ. ಅದನ್ನು ಜಗ್ಗಿದರೆ ಮೂತ್ರ ಸೋರಬಹುದು.

ಬಿಡಿಸಿದ ತುಂಡುಗಳನ್ನು ಮೂತ್ರಕೋಶಕ್ಕೆ ತಳ್ಳಿ, ಮಾರ್ಸಲೇಟರ್ ಎಂಬ ಯಂತ್ರದಿಂದ ಹೀರಿ ಪುಡಿ ಮಾಡಿ ತೆಗೆಯುತ್ತಾರೆ. ನನಗೆ ಹೆಚ್ಚು ಎದೆ ಹೊಡೆದುಕೊಳ್ಳುವುದು ಈಗಲೇ. ಮೂತ್ರಕೋಶವನ್ನು ತುಂಬಿಸಿಡುವ ಸಲೈನ್ (ಉಪ್ಪುನೀರು) ಬ್ಯಾಗ್ ಖಾಲಿಯಾಗಿ ಮೂತ್ರಕೋಶ ಕುಗ್ಗಿದರೆ, ಅಥವಾ ರಕ್ತದಿಂದ ಕ್ಯಾಮೆರಾದ ನೋಟ ಮಸುಕಾದರೆ, ಯಂತ್ರದ ಬ್ಲೇಡ್ ಮೂತ್ರಕೋಶದ ಗೋಡೆಯನ್ನೇ ಹಿಡಿಯಬಹುದು. ಬ್ಯಾಗ್ ನೋಡಿಕೊಳ್ಳುವವರು ನಾವು ನರ್ಸ್‌ಗಳು. ಹಾಗಾಗಿ ಬಂದ ದಿನವೇ ನರ್ಸ್‌ಗಳನ್ನು ಕೂರಿಸಿ ಯಂತ್ರ ಬಿಚ್ಚಿ ಜೋಡಿಸಲು ಕಲಿಸುವ ಸರ್ಜನ್ ಮೇಲೆ ನನಗೆ ಬಹಳ ಗೌರವ. ಅಂಥವರು ಹೋದ ಮೇಲೂ ಕೆಲಸ ನಿಲ್ಲುವುದಿಲ್ಲ.

ಈಗ ನೀವು ಕೇಳಬೇಕಾದ್ದು. ಯಾವ ಭಾಗ ಯಾರು ಮಾಡುತ್ತಾರೆ? ತೊಂದರೆ ಕಂಡರೆ ಬಂದ ಸರ್ಜನ್ ಪೂರ್ತಿ ತಾವೇ ಮುಗಿಸುತ್ತಾರಾ? ರಾತ್ರಿ ರಕ್ತ ಬಂದು ಕ್ಯಾಥೆಟರ್ ಕಟ್ಟಿಕೊಂಡರೆ ಯಾರು ಬರುತ್ತಾರೆ? ಕೊನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ನಾನಾದರೆ ಒಪ್ಪುವುದಿಲ್ಲ. ಅಪ್ಪನಿಗೆ ಹೃದಯದ ತೊಂದರೆ ಜಾಸ್ತಿ ಇದ್ದರೂ ಕಲಿಕೆಯ ಪಟ್ಟಿಯಲ್ಲಿ ಬೇಡ.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಈಗಲೇ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ಕೆಲವು ವಾರ ಸ್ವಲ್ಪ ಸೋರುವುದು ಸಾಮಾನ್ಯ. ವೀರ್ಯ ಹೊರಗೆ ಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುವುದೂ ಬಹಳ ಜನರಿಗೆ ಆಗುತ್ತದೆ. ಸಂಕೋಚ ಬಿಟ್ಟು ಅಪ್ಪನಿಗೆ ಇದನ್ನು ಮೊದಲೇ ತಿಳಿಸಿ. ತೆಗೆದ ತುಂಡುಗಳು ಲ್ಯಾಬ್‌ಗೆ ಹೋಗುತ್ತವೆ, ಆ ರಿಪೋರ್ಟ್ ಮರೆಯದೆ ಕೇಳಿ ಪಡೆಯಿರಿ.