ಎರಡು ಔಷಧಿ ಒಟ್ಟಿಗೆ ಯಾಕೆ ಅಂತ ಕೇಳಿದ್ರಲ್ಲ

ತೀರ್ಥಹಳ್ಳಿಯವರೇ, ನಿಮ್ಮಣ್ಣಂಗೆ ಎಚ್‌ಎಲ್‌ಆರ್‌ಸಿಸಿ ಅನ್ನೋ, ವಂಶಪಾರಂಪರ್ಯವಾಗಿ ಬರೋ ಕಿಡ್ನಿ ಕ್ಯಾನ್ಸರ್, ಬೆಂಗಳೂರಲ್ಲಿ ಡಾಕ್ಟ್ರು ಬೆವಾಸಿಜುಮ್ಯಾಬ್ ಜೊತೆ ಎರ್ಲೋಟಿನಿಬ್ ಅಂದಿದಾರೆ, ಇದು ಬರೀ ಪ್ರಯೋಗವಾ ಅಂತ ಕೇಳಿದೀರಿ. ಊಹೆ ಮೇಲೆ ಕೊಡೋದಲ್ಲ ಇದು. ಈ ಕಾಯಿಲೇಲಿ ಜೀವಕೋಶ ಶಕ್ತಿ ಮಾಡ್ಕೊಳಕ್ಕೆ ಬೇಕಾದ ಫ್ಯೂಮರೇಟ್ ಹೈಡ್ರಟೇಸ್ ಜೀನ್ ಕೆಟ್ಟಿರತ್ತೆ, ಹಾಗಾಗಿ ಗಡ್ಡೆ ಗ್ಲೂಕೋಸ್ ಮೇಲೇ ಬದುಕತ್ತೆ, ಅದನ್ನ ತರಿಸ್ಕೊಳಕ್ಕೆ ಹೊಸ ರಕ್ತನಾಳ ಬೆಳೆಸ್ಕೊಳತ್ತೆ, ಬೆವಾಸಿಜುಮ್ಯಾಬ್ ಆ ನಾಳಗಳನ್ನ ತಡೆಯತ್ತೆ, ಎರ್ಲೋಟಿನಿಬ್ ಬೆಳೆಯೋ ಸಿಗ್ನಲ್ಲನ್ನೇ ತಡೆಯತ್ತೆ. (ಹಂಗಂತ ಅಣ್ಣಂಗೆ ಅನ್ನ, ಬೆಲ್ಲ ಬಿಡಿಸ್ಬೇಡಿ ದಯವಿಟ್ಟು, ಮೊದಲೇ ಸೊರಗಿರ್ತಾರೆ.)

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಟ್ರಯಲ್‌ನಲ್ಲಿ ಇದೇ ಕಾಯಿಲೆಯ 43 ಜನಕ್ಕೆ ಈ ಜೋಡಿ ಕೊಟ್ರು, 72% ಜನಕ್ಕೆ ಗಡ್ಡೆ ಚೆನ್ನಾಗೇ ಕುಗ್ತು, ಫಲಿತಾಂಶ 2025ರಲ್ಲಿ ಪ್ರಕಟ ಆಯ್ತು. ಪೂರ್ತಿ ವಾಸಿ ಅಂತಲ್ಲ, ಆದ್ರೆ ಇಷ್ಟು ಜೋರಾಗಿ ಹರಡೋ ಕಾಯಿಲೆಗೆ ನನ್ನ ಪ್ರಕಾರ ದೊಡ್ಡ ವಿಷಯಾನೇ.

ಮೈಮೇಲೆ ಗುಳ್ಳೆ, ಭೇದಿ, ಬಿಪಿ ಏರೋದು ಆಗ್ಬಹುದು, ಮೂತ್ರದಲ್ಲಿ ಪ್ರೋಟೀನೂ ನೋಡ್ತಿರ್ಬೇಕು. ಟ್ರಯಲ್ಲಲ್ಲಿ ಎರ್ಲೋಟಿನಿಬ್ ಮಾತ್ರೆ ದಿನಾ, ಬೆವಾಸಿಜುಮ್ಯಾಬ್ ಡ್ರಿಪ್ ಎರಡು ವಾರಕ್ಕೊಮ್ಮೆ, ಪ್ರತಿ ಸಲ ಆಗುಂಬೆ ಕಡೆ ಮಳೇಲಿ ಬೆಂಗಳೂರಿಗೆ ಓಡಾಡೋದು ಕಷ್ಟ, ಶಿವಮೊಗ್ಗದಲ್ಲೇ ಹಾಕಿಸ್ಬಹುದಾ ಅಂತ ಡಾಕ್ಟ್ರನ್ನೇ ಕೇಳಿ. ಮತ್ತೆ ನೀವೂ ಜೀನ್ ಟೆಸ್ಟ್ ಮಾಡಿಸ್ಕೊಳ್ಳಿ, ಒಡಹುಟ್ಟಿದವರಲ್ಲೂ ಆ ಕೆಟ್ಟ ಜೀನ್ ಇರೋ ಸಾಧ್ಯತೆ 50%, ಇದ್ರೆ ವರ್ಷಕ್ಕೊಮ್ಮೆ ಕಿಡ್ನಿ ಎಂಆರ್‌ಐ ಬೇಕು.